ತುಂಬಿದ ಡಬ್ಬಿ

ನಮ್ಮ ಕಾರ್ಖಾನೆಯಲ್ಲಿ ಎರಡು ಮಾತುಗಳು ತಲೆಕೆಳಗಾಗಿ ನಿಂತಿವೆ. ಹೊರಗಿನ ಲೋಕದಲ್ಲಿ ತುಂಬಿದ್ದೆಲ್ಲ ಒಳ್ಳೆಯದು, ಖಾಲಿಯಾದದ್ದೆಲ್ಲ ಕೆಟ್ಟದ್ದು. ಹೊಟ್ಟೆ, ಜೇಬು, ಕೊಡ, ಮನೆ, ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ. ನಮ್ಮಲ್ಲಿ ಖಾಲಿ ಎಂದರೆ ಹೊಚ್ಚ ಹೊಸದು. ತುಂಬಿತು ಎಂದರೆ ಕೆಲಸಕ್ಕೆ ಬಾರದ್ದು, ಮುಟ್ಟಿದರೆ ಕೈ ತೊಳೆಯಬೇಕಾದದ್ದು. "ಖಾಲಿ ಬಂತಾ?" ಎಂದು ಒಬ್ಬರು ಕೂಗಿದರೆ, "ಎರಡು ಡಬ್ಬಿ ಪೂರ್ತಿ ಖಾಲಿ ಇದೆ" ಎಂದು ಇನ್ನೊಬ್ಬರು ಖುಷಿಯಿಂದ ಹೇಳುತ್ತಾರೆ. ಹೊಸದಾಗಿ ಸೇರಿದವರು ಒಂದು ವಾರ ಕಕ್ಕಾಬಿಕ್ಕಿಯಾಗಿ ಓಡಾಡಿ ಆಮೇಲೆ ನಮ್ಮಂತೆಯೇ ಆಗಿಬಿಡುತ್ತಾರೆ.

ನಾವು ಮಾಡುವುದು ನೀರಿನಲ್ಲಿರುವ ಸೀಸ, ಪಾದರಸದಂಥ ವಿಷಗಳನ್ನು ಹಿಡಿದಿಡುವ ಕಪ್ಪು ಮಣಿಗಳನ್ನು. ಸಾಸಿವೆಗಿಂತ ತುಸು ದಪ್ಪ, ನೋಡಲು ಏನೂ ಅಲ್ಲ. ಮಣಿ ವಿಷವನ್ನು ಹೀರುತ್ತದೆ ಎಂದು ಜನ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬಟ್ಟೆ ಹೀರುತ್ತದೆ. ಮಣಿ ಅಂಟಿಸಿಕೊಳ್ಳುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು, ತೂತಿನೊಳಗೆ ಮತ್ತೆ ತೂತುಗಳು. ಒಂದು ಚಮಚ ಮಣಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಆಟದ ಮೈದಾನ ಮುಚ್ಚಿಹೋಗುತ್ತದೆ. ಅಲ್ಲಿ ಸೀಸದ ಕಣಗಳು ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಬಂದು ಕೂರುತ್ತವೆ. ಸೀಟು ತುಂಬಿದ ಮೇಲೂ ಹತ್ತಿದವು ಬಾಗಿಲಲ್ಲಿ ನೇತಾಡುತ್ತವೆ, ಒಂದು ಕುಲುಕಿಗೆ ಉದುರಿ ನೀರಿಗೆ ಬೀಳುತ್ತವೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಮಾಡಿದವರು ನಮ್ಮ ಕಾರ್ಖಾನೆಯನ್ನು ನೋಡಿರಲಿಲ್ಲ.

ಅಲ್ಲಿ ಗಾಜಿನ ಕೊಳವೆಗಳ ಕೋಣೆಗೆ ನಾನು ಮುಖ್ಯಸ್ಥೆ. ಕೊಳವೆಗೆ ಮಣಿ ಹಾಕಿ, ಮೇಲಿನಿಂದ ವಿಷದ ನೀರು ಬಿಟ್ಟು, ಕೆಳಗೆ ಬಂದ ನೀರಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡುವುದು ನನ್ನ ಹದಿನಾರು ವರ್ಷದ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚೀಟಿ ಅಂಟಿಸದ ಡಬ್ಬಿಯೊಂದು ಮೇಜಿನ ಮೇಲೆ ಕಂಡರೆ ಇಟ್ಟವರ ಜನ್ಮ ಜಾಲಾಡುತ್ತೇನೆ. ಬೆನ್ನ ಹಿಂದೆ ನನ್ನನ್ನು ಆಸಿಡ್ಡಮ್ಮ ಎಂದು ಕರೆಯುತ್ತಾರೆಂದು ಗೊತ್ತಿದೆ, ನನಗೆ ಅದರಲ್ಲಿ ಬೇಸರವೇನೂ ಇಲ್ಲ.

ಮನೆಯಲ್ಲಿ ನಾವು ನಾಲ್ವರು. ಗಂಡ ದೂರದ ರೈಲುಗಳ ಗಾರ್ಡು, ವಾರದಲ್ಲಿ ಎರಡು ದಿನ ಮುಖ ತೋರಿಸುತ್ತಾನೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳಿಗೆ ಆಗ ಎರಡು ತುಂಬಿತ್ತು. ನಿಂತಲ್ಲೇ ಗಿರಗಿರ ತಿರುಗಿ ಬೀಳುವುದು ಅವಳ ಮುಖ್ಯ ಉದ್ಯೋಗವಾದ್ದರಿಂದ ಬುಗುರಿ ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬ ಅಪ್ಪ. ನಾನು ಕೆಲಸಕ್ಕೆ ಹೋದರೆ ಬುಗುರಿಯನ್ನು ಉಣ್ಣಿಸಿ, ತೊಳೆದು, ಮಲಗಿಸಿ ನೋಡಿಕೊಳ್ಳುತ್ತಿದ್ದವನು ಅವನೇ.

ಅಪ್ಪ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತಿದ್ದವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ತಿರುಗುಮುರುಗಾಗಿ ಓದುತ್ತ, ಸಾಲು ಕಟ್ಟುವ ಕೆಲಸ. ಆ ಕಸುಬಿನಲ್ಲಿ ಒಂದೇ ನಿಯಮ: ಪ್ರತಿಯಲ್ಲಿ ಹೇಗಿದೆಯೋ ಹಾಗೆ ಜೋಡಿಸು, ನಿನ್ನ ಬುದ್ಧಿ ಓಡಿಸಬೇಡ. ಒಮ್ಮೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಕರಪತ್ರ ಬರೆದು ತಂದಿದ್ದನಂತೆ: 'ಹಳೆಯ ಕುರ್ಚಿ ಮೇಜುಗಳನ್ನು ಕೊಲ್ಲಲಾಗುವುದು'. ಅಪ್ಪ ಅದನ್ನೇ ಜೋಡಿಸಿದ, ಐನೂರು ಪ್ರತಿ ಅಚ್ಚಾಯಿತು. ಮಾಲೀಕ ಬೊಬ್ಬೆ ಹೊಡೆದಾಗ ಅಪ್ಪ ಕಾಗದವನ್ನು ಮುಂದೆ ಹಿಡಿದು, "ಪ್ರತಿಯಲ್ಲಿ ಹಾಗೇ ಇದೆ ಸ್ವಾಮಿ, ಅವರ ಕುರ್ಚಿ ಅವರಿಷ್ಟ" ಎಂದನಂತೆ. ಕುರ್ಚಿಯ ಕೊಲೆ ನೋಡಲು ಊರೆಲ್ಲ ಅಂಗಡಿಗೆ ಬಂದು ವ್ಯಾಪಾರ ಜೋರಾಯಿತು ಎಂಬುದು ಕತೆಯ ಬಾಲ. ನಿಜವೋ ಸುಳ್ಳೋ, ನಾನು ನೂರು ಸಲ ಕೇಳಿದ್ದೇನೆ. ಅಚ್ಚಿನ ಮನೆ ಮುಚ್ಚಿದ ದಿನ ಮಾಲೀಕ ಕೊಟ್ಟ ಒಂದು ಪೆಟ್ಟಿಗೆ ಮೊಳೆಗಳನ್ನು ಅಪ್ಪ ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದ.

ನಮ್ಮ ಕಟ್ಟಡದ ನೀರಿನ ಪೈಪುಗಳು ಹಳೇ ಕಾಲದ ಸೀಸದವು. ಬದಲಿಸಬೇಕಾದರೆ ಗೋಡೆ ಒಡೆಯಬೇಕು, ಗೋಡೆ ಒಡೆಯಲು ಹನ್ನೆರಡು ಮನೆಯವರು ಒಪ್ಪಬೇಕು, ಆ ಹನ್ನೆರಡು ಮನೆಯವರು ಮೆಟ್ಟಿಲ ಬಲ್ಬು ಎಷ್ಟು ದೊಡ್ಡದಿರಬೇಕು ಎಂಬುದರಲ್ಲೇ ಇವತ್ತಿಗೂ ಒಪ್ಪಿದವರಲ್ಲ. ಹಾಗಾಗಿ ನಮ್ಮ ಸಿಂಕಿನ ಕೆಳಗೆ ನಾನೇ ಒಂದು ಫಿಲ್ಟರು ಕೂರಿಸಿದ್ದೆ. ಆರು ತಿಂಗಳಿಗೊಮ್ಮೆ ಅದರೊಳಗಿನ ಮಣಿ ತೆಗೆದು ಹೊಸದು ಹಾಕುವುದು. ತೆಗೆದದ್ದನ್ನು ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಕಾರ್ಖಾನೆಗೆ ಒಯ್ದು, ಅಲ್ಲಿ ಸೀಸ ಬಿಡಿಸಿ ತೊಳೆಯುವುದು. ಇದು ಮನೆಯಲ್ಲಿ ಬೇರೆ ಯಾರಿಗೂ ಕೈ ಹಾಕಲು ಬಿಡದ ನನ್ನ ಕೆಲಸ.

ಬುಗುರಿ ತಿರುಗುವುದನ್ನು ನಿಲ್ಲಿಸಿದ್ದನ್ನು ಮೊದಲು ಕಂಡವನು ಅಪ್ಪ. "ಮಗು ಯಾಕೋ ಸಪ್ಪಗಿದೆ ಕಣೇ, ಹೊಟ್ಟೆ ಹಿಡ್ಕೊಂಡು ಕೂತ್ಕೊಳುತ್ತೆ" ಎಂದ. ಹಲ್ಲು ಬರುತ್ತಿರಬೇಕು ಎಂದೆ. ಆಮೇಲೆ ಅವಳ ಮಾತುಗಳು ಕಡಿಮೆಯಾದವು. ಹನ್ನೆರಡು ಮಾತು ಬರುತ್ತಿದ್ದವು, ನಾನು ಬಾಗಿಲ ಹಿಂದೆ ಬರೆದಿಟ್ಟಿದ್ದೆ. ಒಂದು ದಿನ ನೋಡಿದರೆ ಏಳೇ ಉಳಿದಿದ್ದವು. ಅವತ್ತೇ ಆಸ್ಪತ್ರೆಗೆ ಓಡಿದೆ.

ರಕ್ತದಲ್ಲಿ ಸೀಸ ನಲವತ್ತೆಂಟು. ಐದು ದಾಟಿದರೇ ತಲೆ ಕೆಡಿಸಿಕೊಳ್ಳಬೇಕು. ಡಾಕ್ಟರಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನಿಧಾನವಾಗಿ ಹೇಳಿದರು. ಈ ವಯಸ್ಸಿನಲ್ಲಿ ಮೆದುಳು ಬೆಳೆಯುತ್ತಿರುತ್ತದೆ, ಸೀಸ ಅಲ್ಲೇ ಹೋಗಿ ಕೂರುತ್ತದೆ, ಬೇಗ ಇಳಿಸದಿದ್ದರೆ ಕಳೆದ ಮಾತು ವಾಪಸು ಬರುತ್ತದೆಂದು ಹೇಳಲಾಗುವುದಿಲ್ಲ. ಮಾತ್ರೆ ಬರೆದುಕೊಟ್ಟರು. ಹತ್ತೊಂಬತ್ತು ದಿನ ಕೊಡಬೇಕು, ಒಡೆದು ಗಂಜಿಯಲ್ಲಿ ಕಲಸಿದರೆ ಮಗು ತಿನ್ನುತ್ತದೆ.

"ನಿಮ್ಮ ಮಣಿ ಮಾಡೋ ಕೆಲಸಾನೇ ಇದು ಮೈಯೊಳಗೆ ಮಾಡುತ್ತೆ" ಎಂದರು. "ರಕ್ತದಲ್ಲಿರೋ ಸೀಸಾನ ಹಿಡ್ಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತೆ. ಆದ್ರೆ ಮೊದಲು ಮನೇಲಿ ಸೀಸ ಎಲ್ಲಿಂದ ಬರ್ತಿದೆ ಅಂತ ಹುಡುಕಿ ತೆಗೀಬೇಕು. ನೀರು?"

"ನೀರಲ್ಲ" ಎಂದೆ. "ಫಿಲ್ಟರು ನಾನೇ ಕೂರಿಸಿದ್ದು. ನನ್ನ ಕೆಲಸಾನೇ ಅದು."

ಹಾಗೆ ಹೇಳಿದ ನನ್ನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಡಾಕ್ಟರಮ್ಮ ಪಕ್ಕದಲ್ಲಿ ಕೂತಿದ್ದ ಅಪ್ಪನ ರಕ್ತವನ್ನೂ ತೆಗೆಸಿದರು. ಇಪ್ಪತ್ತಾರು ಬಂತು. ಮೂವತ್ತೆಂಟು ವರ್ಷ ಮೊಳೆ ಹಿಡಿದ ಕೈ, ಮೂಳೆಯಲ್ಲಿ ಉಳಿದಿರಬಹುದು ಎಂದರು. ಅಷ್ಟು ಸಾಕಾಯಿತು ನನಗೆ. ಹೋದ ತಿಂಗಳು ಬುಗುರಿಯ ಬಾಯಿಂದ ನಾನೇ ಒಂದು ಮೊಳೆ ಕಿತ್ತಿದ್ದೆ. ತಾತನ ಮಂಚದ ಕೆಳಗೆ ನುಗ್ಗಿ ಪೆಟ್ಟಿಗೆ ತೆರೆದಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದು ಚೂರೂ ಪರೀಕ್ಷೆ ಮಾಡದೆ ನಾನು ತೀರ್ಪು ಬರೆದುಬಿಟ್ಟೆ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ಎಷ್ಟು ಸಲ ಹೇಳಿದ್ದೆ ಆ ದರಿದ್ರ ಪೆಟ್ಟಿಗೆ ಬಿಸಾಕು ಅಂತ! ನಿನಗೆ ಮೊಮ್ಮಗಳಿಗಿಂತ ಆ ಮೊಳೆ ಹೆಚ್ಚಾಯ್ತಾ? ನೋಡು ಈಗ, ನಿನ್ನ ಕೈಯಿಂದ, ನಿನ್ನ ಬಟ್ಟೆಯಿಂದ, ನಿನ್ನ ಹಾಸಿಗೆಯಿಂದ ಬಂದಿದ್ದು. ಇವತ್ತಿನಿಂದ ನೀನು ಅವಳನ್ನ ಮುಟ್ಟಬೇಡ."

ಅಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ನಾನು ತೊಳ್ಕೊಂಡೇ ಎತ್ಕೊಳ್ತಿದ್ದೆನಲ್ಲೇ" ಎಂದ.

"ಮುಟ್ಟಬೇಡ ಅಂದ್ರೆ ಮುಟ್ಟಬೇಡ" ಎಂದೆ. ಬುಗುರಿ ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅಪ್ಪ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಇಳಿದು, ಲೋಹ ಕರಗಿಸುವವನ ಅಂಗಡಿಗೆ ಕೊಟ್ಟುಬಂದ. ಬಂದು ಸ್ನಾನ ಮಾಡಿದ. ತನ್ನ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹಾಕಿದ. ಹಗಲು ಮಗುವನ್ನು ನೋಡಿಕೊಳ್ಳಲು ಎದುರು ಮನೆಯ ದೊಡ್ಡಮ್ಮನನ್ನು ಗೊತ್ತು ಮಾಡಿದೆ. ಅವರು ಬೆಳಿಗ್ಗೆ ಬಂದು ನಾನು ಬರುವವರೆಗೆ ಇರುತ್ತಿದ್ದರು. ಅಪ್ಪ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ.

ಮೊದಲ ವಾರ ಬುಗುರಿ ತಾತಾ ತಾತಾ ಎಂದು ಅವನ ಕಡೆಗೇ ಓಡುತ್ತಿದ್ದಳು. ತಾತ ಎನ್ನುವುದು ಉಳಿದ ಏಳು ಮಾತುಗಳಲ್ಲಿ ಒಂದು. ಅವಳು ಹತ್ತಿರ ಬಂದರೆ ಅಪ್ಪ ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ನಾನು ಒಳಗಿಂದಲೇ ಗದರುತ್ತಿದ್ದೆ, "ಬಾ ಇಲ್ಲಿ!" ಅವಳು ಅಳುತ್ತ ಬರುತ್ತಿದ್ದಳು. ಎರಡನೇ ವಾರ ಓಡುವುದು ಕಡಿಮೆಯಾಯಿತು. ಮೂರನೇ ವಾರ ಬಾಲ್ಕನಿಯ ಹೊಸ್ತಿಲ ತನಕ ಹೋಗಿ, ಅಲ್ಲೇ ಕೂತು ಡಬ್ಬಿ ಮುಚ್ಚಳಗಳನ್ನು ಜೋಡಿಸಿಕೊಂಡು ಆಡುತ್ತಿದ್ದಳು. ನನಗೆ ಅದು ಸಮಾಧಾನ ಕೊಟ್ಟಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಮಾತ್ರೆಗೆ ಕೊಳೆತ ಮೊಟ್ಟೆಯ ವಾಸನೆ. ಮೂರು ಹೊತ್ತೂ ಒಡೆದು, ನಮ್ಮ ಫಿಲ್ಟರಿನ ನೀರಿನಲ್ಲೇ ಕಾಸಿದ ತೆಳು ಗಂಜಿಯಲ್ಲಿ ಕಲಸಿ, ಮೂಗು ಮುಚ್ಚಿಕೊಂಡು ತಿನ್ನಿಸಿದೆ. ಹತ್ತೊಂಬತ್ತನೇ ದಿನ ರಕ್ತ ನೋಡಿದರೆ ಇಪ್ಪತ್ತೊಂದು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ನೋಡಿದೆಯಾ, ಮೊಳೆ ಹೋಯಿತು ಸೀಸ ಇಳಿಯಿತು ಎಂದು ಗಂಡನಿಗೆ ಫೋನು ಮಾಡಿದೆ. ಅಪ್ಪನಿಗೂ ಹೇಳಿದೆ. "ಒಳ್ಳೇದಾಯ್ತು" ಎಂದ.

ಮೂರು ವಾರ ಬಿಟ್ಟು ಮತ್ತೆ ನೋಡಿದರೆ ನಲವತ್ತನಾಲ್ಕು.

ಡಾಕ್ಟರಮ್ಮ ಈ ಸಲ ಕೂರಿಸಿ ಹೇಳಲಿಲ್ಲ, ನಿಂತೇ ಹೇಳಿದರು. "ಮೂಳೆಯಲ್ಲಿದ್ದಿದ್ದು ರಕ್ತಕ್ಕೆ ಬಂದು ಸ್ವಲ್ಪ ಏರೋದು ಸಹಜ. ಇಷ್ಟು ಏರಲ್ಲ. ನಾವು ಇಲ್ಲಿಂದ ತೆಗೀತಿದೀವಿ, ಅಲ್ಲಿಂದ ಯಾರೋ ಹಾಕ್ತಿದಾರೆ. ಮೂಲ ಸಿಗದೆ ನಾನು ಎರಡನೇ ಸಲ ಮಾತ್ರೆ ಕೊಡಲ್ಲ, ಕೊಟ್ರೆ ಹೊಟ್ಟೆಗೆ ಹೋಗೋ ಸೀಸಾನೂ ಇನ್ನಷ್ಟು ರಕ್ತಕ್ಕೆ ಸೇರಬಹುದು. ಎರಡು ದಿನ ನೋಡ್ತೀನಿ. ಸಿಗ್ಲಿಲ್ಲ ಅಂದ್ರೆ ಮಗೂನ ಇಲ್ಲೇ ಸೇರಿಸಿಕೊಳ್ತೀನಿ."

ಮನೆಗೆ ಬಂದವಳೇ ನಾನು ಕೇಳಿದ್ದು ಏನೆಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ನಿಜ ಹೇಳು ಅಪ್ಪಾ, ನಾನಿಲ್ಲದಾಗ ಅವಳನ್ನ ಎತ್ಕೊಂಡ್ಯಾ?"

"ಇಲ್ಲ" ಎಂದ ಅಪ್ಪ.

ಒಂದೇ ಮಾತು. ಅವನು ನನ್ನ ಕಡೆ ನೋಡಲೂ ಇಲ್ಲ. ನಾನು ಅದನ್ನೂ ಪೂರ್ತಿ ನಂಬಲಿಲ್ಲ.

ಅವತ್ತೇ ಸಂಜೆ ಇಡೀ ಮನೆಯನ್ನು ಪರೀಕ್ಷೆಗೆ ಹಾಕಿದೆ. ಗೊಂಬೆ, ಕಿಟಕಿಯ ಬಣ್ಣ, ಮಂಚದ ಕಾಲು, ನೆಲದ ಧೂಳು, ಬಾಗಿಲ ಹಿಡಿ, ಅಪ್ಪನ ಅಂಗಿಯ ತೋಳು, ಅಪ್ಪನ ಕನ್ನಡಕದ ಪೆಟ್ಟಿಗೆ. ಒಂದೊಂದನ್ನೂ ಒಂದು ಲೋಟ ಶುದ್ಧ ನೀರಿನಲ್ಲಿ ತೊಳೆದು, ಆ ತೊಳೆದ ನೀರನ್ನು ಸಣ್ಣ ಬಾಟಲಿಗೆ ಹಾಕಿ, ಚೀಟಿ ಅಂಟಿಸಿದೆ. ಕೊನೆಗೆ ಅಪ್ಪನ ಮುಂದೆ ಬೋಗುಣಿ ಹಿಡಿದು, ಅವನ ಎರಡೂ ಕೈ ಅದರಲ್ಲಿ ತೊಳೆಸಿದೆ. ಅಪ್ಪ ಬೆರಳ ಸಂದಿಗಳನ್ನೂ ಉಜ್ಜಿ ತೊಳೆದುಕೊಟ್ಟ. ನಲ್ಲಿಯಿಂದ ನೇರವಾಗಿ ಹಿಡಿದ ಹಸಿ ನೀರಿನದೂ ಸೇರಿ ಒಟ್ಟು ಹದಿನಾರು ಬಾಟಲಿಗಳಾದವು.

ಕಾರ್ಖಾನೆಯಲ್ಲಿ ಸೀಸ ಅಳೆಯುವ ಯಂತ್ರ ತೂಕದಣ್ಣನ ಕೈಯಲ್ಲಿದೆ. ನನಗಿಂತ ಹತ್ತು ವರ್ಷ ದೊಡ್ಡವನು, ಮಣಿಗಳನ್ನು ತೂಗುವುದೂ ಅವನೇ ಆದ್ದರಿಂದ ಆ ಹೆಸರು. ಯಾರ ಸಿಟ್ಟಿಗೂ ಸೊಪ್ಪು ಹಾಕದ ಆಸಾಮಿ. ಬಾಟಲಿಗಳನ್ನು ಸಾಲಾಗಿ ಇಟ್ಟು ಒಂದೊಂದೇ ಯಂತ್ರಕ್ಕೆ ಕೊಟ್ಟ. ಅಂಕಿಗಳು ಕಾಗದದ ಮೇಲೆ ಇಳಿದು ಬರುತ್ತಿದ್ದವು. ಕುಡಿಯುವ ನೀರಿನಲ್ಲಿ ಹತ್ತು ದಾಟಬಾರದು. ಗೊಂಬೆ ಮುನ್ನೂರ ಹದಿನೆಂಟು. ಕಿಟಕಿ ಮುನ್ನೂರ ಇಪ್ಪತ್ತೆರಡು. ಬಾಗಿಲ ಹಿಡಿ ಮುನ್ನೂರ ಹದಿನೈದು. ಕನ್ನಡಕದ ಪೆಟ್ಟಿಗೆ ಮುನ್ನೂರ ಹತ್ತೊಂಬತ್ತು. ಅಪ್ಪನ ಕೈ ಮುನ್ನೂರ ಹದಿನೇಳು.

"ಏನಮ್ಮಾ ಇದು" ಎಂದ ತೂಕದಣ್ಣ, "ನಿಮ್ಮ ಮನೇಲಿ ಸೀಸ ಭಾರಿ ನ್ಯಾಯವಂತ. ಗೊಂಬೆಗೂ ಅಷ್ಟೇ, ಗೋಡೆಗೂ ಅಷ್ಟೇ, ಯಾರಿಗೂ ಭೇದ ಮಾಡಿಲ್ಲ."

ನಾನು ನಗಲಿಲ್ಲ. ಅವನೂ ನಗು ನಿಲ್ಲಿಸಿದ. ಇಬ್ಬರೂ ಆ ಕಾಗದವನ್ನೇ ನೋಡಿದೆವು.

"ಎಲ್ಲಾದನ್ನೂ ಯಾವ ನೀರಲ್ಲಿ ತೊಳೆದೆ?" ಎಂದು ಅವನು ಕೇಳಿದ.

"ಫಿಲ್ಟರಿನ ನೀರಲ್ಲಿ."

"ಅದರಲ್ಲಿ ಎಷ್ಟಿದೆ ಅಂತ ನೋಡಿದ್ಯಾ?"

ನೋಡಿರಲಿಲ್ಲ. ಕೊನೆಯ ಬಾಟಲಿ, ಫಿಲ್ಟರು ಮುಟ್ಟದ ನಲ್ಲಿಯ ಹಸಿ ನೀರು, ಯಂತ್ರದಿಂದ ಹೊರಗೆ ಬಂತು: ನಲವತ್ತೊಂದು. ನಮ್ಮ ಮುದಿ ಪೈಪುಗಳ ನೀರಿಗಿಂತ ನನ್ನ ಫಿಲ್ಟರಿನ ನೀರಿನಲ್ಲಿ ಏಳೆಂಟು ಪಟ್ಟು ಹೆಚ್ಚು ಸೀಸ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ನಾನು ಆ ಬೇಲಿಯ ಮೇಲೆ ಕೂತು ದಾರಿಹೋಕರನ್ನು ಬೈಯುತ್ತಿದ್ದೆ.

ಆಗ ಆ ಫೋನು ನೆನಪಾಯಿತು. ಎರಡೂವರೆ ತಿಂಗಳ ಹಿಂದೆ ಪ್ರವಾಹದಲ್ಲಿ ಮುಳುಗಿದ ಒಂದು ಊರಿಗೆ ನಾವು ಎರಡು ಸಾವಿರ ಫಿಲ್ಟರು ಕಳಿಸಬೇಕಿತ್ತು. ಮೂರು ವಾರ ನನಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಫೋನು ಮಾಡಿ, "ಫಿಲ್ಟರಿನ ನೀರು ಹನಿಹನಿಯಾಗಿ ಬರ್ತಿದೆ ಕಣೇ, ಮಗು ಹಾಲಿಗೂ ಸಾಲ್ತಿಲ್ಲ" ಎಂದ. ಮಣಿ ಬದಲಿಸುವ ಕೆಲಸಕ್ಕೆ ಯಾರನ್ನೂ ಬಿಡದ ನಾನು, ಅವತ್ತು ಎರಡು ಕೈಯಲ್ಲೂ ಕೊಳವೆ ಹಿಡಿದುಕೊಂಡು, ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು ಹೇಳಿದ್ದೆ: "ಸಿಂಕಿನ ಕೆಳಗೆ ಡಬ್ಬಿ ಇದೆ, ಬದಲಾಯಿಸಿಬಿಡು ಅಪ್ಪ. ಮೇಲೆ ಬರೆದಿದೆ, ನೋಡಿ ಹಾಕು."

ಸಿಂಕಿನ ಕೆಳಗೆ ಎರಡು ಡಬ್ಬಿಗಳಿದ್ದವು. ಒಂದು ಹೊಸ ಮಣಿಯದು, ಕಾರ್ಖಾನೆಯಿಂದ ತಂದಿಟ್ಟದ್ದು. ಇನ್ನೊಂದು ಹಿಂದಿನ ಸಲ ಫಿಲ್ಟರಿನಿಂದ ತೆಗೆದು, ಇವತ್ತು ಒಯ್ಯುತ್ತೇನೆ ನಾಳೆ ಒಯ್ಯುತ್ತೇನೆ ಎಂದು ಅಲ್ಲೇ ಬಿಟ್ಟದ್ದು. ಎರಡರಲ್ಲೂ ಒಂದೇ ಬಗೆಯ ಕಪ್ಪು ಮಣಿ. ಹೊಸದರ ಮೇಲೆ ನನ್ನ ಗುಂಡು ಅಕ್ಷರದಲ್ಲಿ 'ಖಾಲಿ' ಎಂದು ಬರೆದಿತ್ತು. ಹಳೆಯದರ ಮೇಲೆ 'ತುಂಬಿದೆ' ಎಂದು.

ಲೋಕದಲ್ಲಿ ಯಾರು ತಾನೇ ಖಾಲಿ ಎಂದು ಬರೆದದ್ದನ್ನು ಹಾಕುತ್ತಾರೆ? ಸತ್ವ ತುಂಬಿದ್ದನ್ನೇ ತಾನೇ ಹಾಕುವುದು? ಅದರಲ್ಲೂ ಜೀವಮಾನವೆಲ್ಲ ಬರೆದಿದ್ದನ್ನು ಬರೆದಂತೆ ಪಾಲಿಸಿದ ಮನುಷ್ಯನ ಕೈಗೆ ನಾನು ಆ ಡಬ್ಬಿ ಕೊಟ್ಟಿದ್ದೆ. ಆರು ತಿಂಗಳ ಸೀಸ ಹೊತ್ತ ಮಣಿಗಳು ಒಣಗಿ, ಕುಲುಕಿ, ಒಂದಕ್ಕೊಂದು ಉಜ್ಜಿ ಪುಡಿಯಾಗಿ, ಹಿಡಿದದ್ದನ್ನೆಲ್ಲ ಹನಿಹನಿಯಾಗಿ ನಮ್ಮ ಗಂಜಿಗೆ ಬಿಟ್ಟಿದ್ದವು. ಮಾತ್ರೆ ಕಲಸಿದ ಬಟ್ಟಲಿಗೂ ಬಿಟ್ಟಿದ್ದವು. ಅಪ್ಪನ ರಕ್ತದ ಇಪ್ಪತ್ತಾರನ್ನು ನಾನು ಅವನ ತಪ್ಪಿಗೆ ಸಾಕ್ಷಿ ಎಂದು ಓದಿದ್ದೆ. ಅವನೂ ಅದೇ ನೀರು ಕುಡಿದಿದ್ದ.

ಮನೆಗೆ ಫೋನು ಮಾಡಿ, ಫಿಲ್ಟರಿನ ನೀರು ಯಾರೂ ಮುಟ್ಟಬೇಡಿ, ಅಂಗಡಿಯಿಂದ ಬಾಟಲಿ ನೀರು ತರಿಸಿ ಎಂದೆ. "ಆಯ್ತು" ಎಂದ ಅಪ್ಪ, ಯಾಕೆಂದು ಕೇಳಲಿಲ್ಲ. ಡಾಕ್ಟರಮ್ಮನಿಗೆ ಹೇಳಿದೆ. ಮೂಲ ಸಿಕ್ಕಿತಲ್ಲ, ನಾಳೆ ಮಗುವನ್ನೂ ಅಪ್ಪನನ್ನೂ ಕರೆದುಕೊಂಡು ಬನ್ನಿ, ಮಾತ್ರೆ ಶುರು ಮಾಡೋಣ, ನಿಮ್ಮ ರಕ್ತವನ್ನೂ ನೋಡೋಣ ಎಂದರು. ಇಷ್ಟು ಸುಲಭವಾಗಿ ಆಯಿತು. ಇನ್ನು ಉಳಿದದ್ದು ಅಪ್ಪನಿಗೆ ಹೇಳುವುದು.

ಬಸ್ಸಿನಲ್ಲಿ ಕೂತು ಒಂದು ಸುಳ್ಳು ಹೆಣೆದೆ. ನಿಜ ಹೇಳಿದರೆ, ಮೊಮ್ಮಗಳಿಗೆ ವಿಷ ಹಾಕಿದ ಡಬ್ಬಿಯನ್ನು ತೆರೆದದ್ದು ತನ್ನ ಕೈ ಎಂದು ಅಪ್ಪನಿಗೆ ಗೊತ್ತಾಗುತ್ತದೆ. ಈ ವಯಸ್ಸಿನಲ್ಲಿ ಅದನ್ನು ಹೊತ್ತು ಅವನು ಎಲ್ಲಿಗೆ ಹೋಗಬೇಕು? ಮಣಿ ಬದಲಿಸಿದವಳು ನಾನೇ ಎಂದುಬಿಡುತ್ತೇನೆ. ಆ ಫೋನಿನ ವಿಷಯ ಅವನಿಗೆ ಮರೆತಿರಬಹುದು ಎಂದುಕೊಂಡೆ.

ದೊಡ್ಡಮ್ಮನನ್ನು ಬೇಗ ಕಳಿಸಿಕೊಟ್ಟೆ. ಬುಗುರಿ ಹೊಸ್ತಿಲಲ್ಲಿ ಮುಚ್ಚಳಗಳನ್ನು ಹರಡಿಕೊಂಡು ಕೂತಿದ್ದಳು. ಅಪ್ಪ ಬಾಲ್ಕನಿಯ ಕುರ್ಚಿಯಲ್ಲಿದ್ದ. ನಾನು ಅವನ ಎದುರು ನೆಲದ ಮೇಲೆ ಕೂತೆ.

"ಅಪ್ಪ, ಮೊಳೆಯಿಂದ ಬಂದಿದ್ದಲ್ಲ."

ಅವನು ನನ್ನ ಕಡೆ ತಿರುಗಿದ.

"ಫಿಲ್ಟರಿನಿಂದ ಬಂದಿದ್ದು. ಒಳಗಿದ್ದಿದ್ದು ಹಳೇ ಮಣಿ. ನಾನು ನೋಡದೆ ಹಾಕಿಬಿಟ್ಟಿದ್ದೆ."

"ನೀನೆಲ್ಲಿ ಹಾಕಿದೆ?" ಎಂದ. "ನೀನು ಆವಾಗ ಮನೇಲೇ ಇರ್ತಿರಲಿಲ್ಲ. ನಾನೇ ಅಲ್ವಾ ಹಾಕಿದ್ದು. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ ಹಾಕಿದೆ. ತುಂಬಿದೆ ಅಂತ ಬರೆದಿತ್ತು."

ನನ್ನ ಸುಳ್ಳು ಅಲ್ಲಿಗೆ ಮುಗಿಯಿತು. ತುಂಬಿದೆ ಎಂದರೆ ನಮ್ಮಲ್ಲಿ ಏನು, ಖಾಲಿ ಎಂದರೆ ಏನು ಎಂದು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಕಿವಿಗೇ ಅದು ಹುಚ್ಚರ ಮಾತಿನಂತೆ ಕೇಳಿಸಿತು. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

"ತುಂಬಿದೆ ಅಂದ್ರೆ ವಿಷ ತುಂಬಿದೆ ಅಂತಾ?"

"ಹೂಂ."

"ಮತ್ತೆ ವಿಷ ಅನ್ನೋದನ್ನ ಯಾಕೇ ಬರೀಲಿಲ್ಲ? ಎರಡೇ ಅಕ್ಷರ."

ನಮಗೆಲ್ಲ ಗೊತ್ತಿರುವುದನ್ನು ನಾವು ಬರೆಯುವುದಿಲ್ಲ, ಅಷ್ಟೇ. "ತಪ್ಪು ನನ್ನದಪ್ಪ" ಎಂದೆ. "ಬರೆದವಳು ನಾನು. ನೀನು ಬರೆದಂತೆ ಮಾಡಿದೆ. ನಿನ್ನದೇನೂ ಇಲ್ಲ."

"ನನ್ನದೇನೂ ಇಲ್ಲ ಅಂತ ನೀನು ಹೇಳಿದ್ರೆ ಆಗ್ಹೋಯ್ತಾ? ಕೈ ನನ್ನದು." ಅವನ ದನಿ ಗಟ್ಟಿಯಾಯಿತು. ನನ್ನ ಬದುಕಿನಲ್ಲಿ ಅವನು ನನ್ನ ಮೇಲೆ ದನಿ ಏರಿಸಿದ್ದು ಬೆರಳೆಣಿಕೆಯ ಸಲ. "ಚೀಟಿ ವಿಷಯ ಬಿಡು, ಎಲ್ಲರೂ ತಪ್ಪು ಬರೀತಾರೆ. ಆದ್ರೆ ನೋಡೋದೇ ತಾನೇ ನಿನ್ನ ಕೆಲಸ? ಬೆಳಿಗ್ಗೆಯಿಂದ ಸಂಜೆವರೆಗೂ ನೀರು ನೋಡೋದೇ ಅಲ್ವಾ ನೀನು ಮಾಡೋದು? ನನ್ನ ಕೈನ ಕೊನೆಗೆ ತೊಳೆಸಿ ನೋಡಿದ್ಯಲ್ಲ, ಅದನ್ನ ಮೊದಲ ದಿನ ನೋಡೋಕೇನಾಗಿತ್ತು? ನಲವತ್ತೊಂದು ದಿನ ಆಯ್ತು."

ಅವನು ಎಣಿಸಿದ್ದ. ನಾನು ಮಾತ್ರೆಯ ದಿನಗಳನ್ನು ಎಣಿಸುತ್ತಿದ್ದಾಗ ಅವನು ಇದನ್ನು ಎಣಿಸುತ್ತಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಅವನ ಪಾದ ಹಿಡಿದುಕೊಂಡು ಅತ್ತೆ. ಅಪ್ಪ ನನ್ನ ತಲೆ ಸವರಲಿಲ್ಲ, ಕಾಲನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ.

ಆಮೇಲೆ ಅವನು ಕೇಳಿದ, "ಹಾಗಾದ್ರೆ ನನ್ನ ಕೈಯಲ್ಲಿ ಏನೂ ಇಲ್ವಾ?"

"ಇಲ್ಲಪ್ಪ. ಏನೂ ಇಲ್ಲ."

"ಎತ್ಕೋಬಹುದಾ?"

ನಾನು ತಲೆಯಾಡಿಸಿದೆ. ಅಪ್ಪ ಕುರ್ಚಿಯಿಂದ ಇಳಿದು, ಮೊಣಕಾಲು ನೋವಿಗೆ ಒಂದು ಸಲ ಮುಖ ಕಿವುಚಿ, ಹೊಸ್ತಿಲ ಮುಂದೆ ನೆಲದಲ್ಲಿ ಕೂತ. ಎರಡೂ ಕೈ ಮುಂದೆ ಚಾಚಿದ. "ಬಾರಮ್ಮಾ ಬುಗುರಿ" ಎಂದ.

ಬುಗುರಿ ಎದ್ದು ನಿಂತಳು. ಅವನ ಕೈಗಳನ್ನು ನೋಡಿದಳು. ಕಾಲು ಮುಂದಿಡಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.

"ಹೋಗು ಪುಟ್ಟಾ" ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಅಪ್ಪ ಕೈ ಚಾಚಿಕೊಂಡೇ ಇದ್ದ. ನಾನು ಎರಡನೇ ಸಲ ಹೇಳಬೇಕಾಯಿತು.